ಬೆರಳಿಗೆ ಸಿಕ್ಕ ಹಿಮನದಿ

ಜೂನ್ 4, ಸಂಜೆ

ಅಂತೂ ನಾರ್ವೆಯ ಫ್ಯೋರ್ಡ್ ಮುಗಿಯಿತು. ಹಿಮನದಿ ಕೊರೆದಿಟ್ಟ ಕಣಿವೆಗೆ ಸಮುದ್ರ ನುಗ್ಗಿದ್ದು — ಎರಡೂ ಕಡೆ ಗೋಡೆ ನೆಟ್ಟಗೆ ನಿಲ್ಲಬೇಕು, ನಡುವೆ ಮಗುವಿನ ಬೆರಳು ಹೋಗುವಷ್ಟು ಜಾಗವೂ ಇರಬೇಕು. ಎಷ್ಟು ಅಚ್ಚು ಒಡೆದೆನೋ ಲೆಕ್ಕವಿಲ್ಲ. ಕೊನೆಗೆ ಕೂತಿತು.

ಇನ್ನು ಗ್ರೀನ್‌ಲ್ಯಾಂಡ್, ಆಲ್ಪ್ಸ್, ಕಿಲಿಮಾಂಜಾರೋ. ಸಮಭಾಜಕ ವೃತ್ತದ ಮಗ್ಗುಲಲ್ಲೇ, ಬೆಟ್ಟದ ನೆತ್ತಿಯ ಮೇಲೆ ಮಂಜು! ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಕಣ್ಣು ಕಾಣದ ಮಕ್ಕಳಿಗಾಗಿ ನಮ್ಮ ಪ್ರೆಸ್ಸಿನವರು ಮಾಡುತ್ತಿರುವ ಅಟ್ಲಾಸಿನಲ್ಲಿ ನನಗೆ ತೀರಾ ಇಷ್ಟವಾದ ಅಧ್ಯಾಯ ಇದೇ. ನಾನು ಪ್ಲಾಸ್ಟರಿನಲ್ಲಿ ಕೆತ್ತುತ್ತೇನೆ, ಮೆಷೀನು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅದರ ಮೇಲೆ ಎಳೆದು ಕೂರಿಸುತ್ತದೆ. ಕೆತ್ತಿದ್ದೆಲ್ಲ ಹಾಳೆಯ ಮೇಲೆ ಉಬ್ಬಿ ಏಳುತ್ತದೆ.

ಮನೆಗೆ ಬಂದರೆ ಇವರೂ ಕೈತುಂಬ ಬಿಳಿ ಬಳಿದುಕೊಂಡು ಕೂತಿದ್ದಾರೆ. ಯಾರದೋ ಮೇಲಿನ ದವಡೆ ಅರ್ಜೆಂಟಂತೆ. ಇವರದು ಹಲ್ಲಿನ ಸೆಟ್ ಮಾಡುವ ಕಸುಬು. ಗಂಡ ಹೆಂಡತಿ ಇಬ್ಬರದೂ ಪ್ಲಾಸ್ಟರಿನ ಬಾಳು.

"ಇವತ್ತು ಯಾವ ಬೆಟ್ಟ ಕೊರೆದೆ?"

"ನೀವು ಯಾರ ಬಾಯಿ ಕಟ್ಟಿದ್ರಿ?"

ಊಟ ಮುಗಿಯುವವರೆಗೂ ಇದೇ.

ಜೂನ್ 9

ಎಲ್ಲ ಎಕ್ಕುಟ್ಟಿ ಹೋಯಿತು.

ಪಕ್ಕದ ಅಂಧರ ಶಾಲೆಯ ಮಕ್ಕಳನ್ನು ಕರೆಸಿ ಹಾಳೆ ಕೊಟ್ಟೆವು. ಫ್ಯೋರ್ಡ್ ಮುಟ್ಟಿ ಒಬ್ಬ "ಬಾಚಣಿಗೆ" ಅಂದ. ಆಲ್ಪ್ಸಿನ ಹಿಮನದಿ ಮುಟ್ಟಿ ಇನ್ನೊಬ್ಬಳು — ಎರಡು ಜಡೆಯವಳು, ಮಹಾ ಬಾಯಿಬಡುಕಿ — "ಆಂಟಿ, ಇದು ಸತ್ತಿರೋ ಹಲ್ಲೀನಾ?" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಒಳಗೊಳಗೇ ಕುಸಿದು ಹೋದೆ.

ಸಂಪಾದಕರು ನಗಲಿಲ್ಲ. ಕೆಟ್ಟವರೇನಲ್ಲ, ಅಚ್ಚಿಗೆ ಕಳಿಸುವ ತಾರೀಖು ಅವರ ತಲೆಯ ಮೇಲೆ ಕೂತಿದೆ. "ಈ ಅಧ್ಯಾಯ ಬಿಟ್ಟುಬಿಡೋಣಮ್ಮ. ಮಂಜು ಅಂದ್ರೇನೇ ಬಿಳಿ, ಹೊಳಪು. ಕಣ್ಣಿಲ್ಲದೋರಿಗೆ ಅದನ್ನ ಹೇಗೆ ಹೇಳ್ತೀರಿ?"

ಮೂಲೆಯಿಂದ ಬೆರಳಮ್ಮನ ದನಿ: "ಬಿಳಿ ತೆಗೆದುಬಿಟ್ರೆ ಮಂಜು ಬೆಟ್ಟ ಕೊರೆಯೋದು ನಿಲ್ಲಿಸಿಬಿಡುತ್ತಾ ಸರ್?"

ಬೆರಳಮ್ಮ ಅಂದರೆ ನಮ್ಮ ಪ್ರೂಫ್ ಓದುವ ಅಕ್ಕ. ಹುಟ್ಟಿನಿಂದ ಕಣ್ಣಿಲ್ಲ. ಪ್ರೆಸ್ಸಿನ ಯಾವ ಹಾಳೆಯೂ ಆಕೆಯ ಬೆರಳು ದಾಟದೆ ಹೊರಗೆ ಹೋಗದು. ಹೆಸರಿಟ್ಟವರು ಯಾರೋ, ಆಕೆಗೆ ಅದರ ಬಗ್ಗೆ ಒಳಗೊಳಗೇ ಜಂಬ.

ಸಂಪಾದಕರು ಜುಲೈ ಕೊನೆಯವರೆಗೆ ಸಮಯ ಕೊಟ್ಟರು. ಮಕ್ಕಳಿಗೆ ಅರ್ಥವಾದರೆ ಅಧ್ಯಾಯ ಉಂಟು, ಇಲ್ಲವಾದರೆ ಇಲ್ಲ.

ಜೂನ್ 10

ಊಟದ ಹೊತ್ತಿಗೆ ಬೆರಳಮ್ಮ ನನ್ನ ಟೇಬಲ್ಲಿಗೆ ಬಂದರು.

"ಅಲ್ಲ ಕಣೇ, ನೀನು ಹಿಮನದಿ ನೋಡಿದೀಯಾ?"

"ಫೋಟೋದಲ್ಲಿ."

"ನಾನು ನಿನ್ನ ಹಾಳೇಲಿ. ಇಬ್ಬರೂ ಕೇಳಿದ್ದನ್ನೇ ಹೇಳ್ತಿದೀವಿ. ಮಕ್ಕಳು ಹಲ್ಲಿ ಅನ್ನದೆ ಇನ್ನೇನಂತಾರೆ? ಉತ್ತರದ ಈ ಊರಿಂದ ಒಂದಿನ ಬಸ್ಸಲ್ಲಿ ಕೂತ್ರೆ ಸಿಗೋ ಹಿಮನದಿ ಒಂದಿದೆಯಂತೆ. ಹೋಗೋಣ ನಡಿ."

"ಅಕ್ಕಾ, ಅದು ಬೆಟ್ಟ. ಕಲ್ಲು, ಜಾರಿಕೆ..."

"ನಮ್ಮ ಪ್ರೆಸ್ಸಿನ ಮೆಟ್ಟಿಲಿಗಿಂತ ಹಾಳಾಗಿದೆಯಾ?"

ಸಂಜೆಯೇ ಎರಡು ಟಿಕೆಟ್ ಬುಕ್ ಮಾಡಿದೆ. 

ಜೂನ್ 18, ಬೆಳಿಗ್ಗೆ 5

ಬ್ಯಾಗು ಕಟ್ಟಿಯಾಯಿತು. ಇವರು ಕೇಳದೇ ಎರಡು ಡಬ್ಬಿ ಒಳಗೆ ತುರುಕಿದರು. ಹಲ್ಲಿನ ಅಚ್ಚು ತೆಗೆಯುವ ಹಿಟ್ಟು — ಒಂದು ನೀಲಿ, ಒಂದು ಬಿಳಿ. ಎರಡನ್ನೂ ಸೇರಿಸಿ ನಾದಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ.

"ಇದ್ಯಾಕೆ? ಬೆಟ್ಟಕ್ಕೆ ಹಲ್ಲು ಕಟ್ಟಿಸ್ಬೇಕಾ?"

"ಫೋಟೋ ನೋಡಿ ನಾನು ಯಾವತ್ತಾದ್ರೂ ಹಲ್ಲು ಮಾಡಿದೀನಾ? ಬಾಯಿಂದಾನೇ ಅಚ್ಚು ತೆಗೀತೀನಿ. ತಗೊಂಡು ಹೋಗು."

ಈ ಮನುಷ್ಯ ಅಪರೂಪಕ್ಕೆ ಮಾತಾಡಿದರೂ ತೂಕದ್ದೇ ಆಡುತ್ತಾರೆ. ಬಸ್ಸು ಬಂತು —

ಜೂನ್ 19, ಮಧ್ಯಾಹ್ನ, ಬಂಡೆಯ ಮೇಲೆ ಕೂತು

  ಒಂದೊಂದಾಗಿ ಬರೆಯಬೇಕು.

ಕಣಿವೆಗೆ ಕಾಲಿಟ್ಟ ಕೂಡಲೇ ನಿಂತುಬಿಟ್ಟೆ. ನದಿ ಕೊರೆದ ಕಣಿವೆ ಬೆಣೆಯಂತೆ ಇರುತ್ತದೆ, ತಳ ಚೂಪು. ಇದು ದೊಡ್ಡ ತೊಟ್ಟಿ! ತಳ ಅಗಲ, ಗೋಡೆ ನೆಟ್ಟಗೆ. ಈ ತೊಟ್ಟಿಯ ತುಂಬ ಒಂದು ಕಾಲಕ್ಕೆ ಮಂಜುಗಡ್ಡೆ ಇತ್ತು. ಅದು ಇಷ್ಟಿಷ್ಟೇ ಜರುಗುತ್ತ, ಬೆಟ್ಟವನ್ನು ಉಜ್ಜುತ್ತ ಕೆಳಗಿಳಿಯಿತು. ಕತ್ತೆತ್ತಿ ನೋಡಿ ನೋಡಿ ಕತ್ತು ಹಿಡಿದುಕೊಂಡಿತು.

"ಬಾಯಿ ಬಿಟ್ಕೊಂಡು ನಿಂತಿದೀಯಾ? ನನಗೂ ಹೇಳೇ!" ಅಂದರು ಬೆರಳಮ್ಮ.  ಅವರ ಎರಡೂ ಅಂಗೈ ಸೇರಿಸಿ ಬೊಗಸೆ ಮಾಡಿಸಿದೆ. "ಇಷ್ಟು. ಆದ್ರೆ ಊರಿನಷ್ಟು ದೊಡ್ಡದು." ಬೊಗಸೆಯನ್ನು ಹಾಗೇ ಹಿಡಿದುಕೊಂಡು ಸುಮಾರು ದೂರ ನಡೆದರು.

ಹೊಳೆಯ ನೀರು ಹಾಲಿನಂತಿದೆ. ಬೆರಳಮ್ಮ ಕೈಯಿಟ್ಟು ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದರು. "ಯಾರೋ ನೀರಿಗೆ ಪೌಡರ್ ಹಾಕಿದಾರೆ!"

ಜೊತೆಗೆ ಬಂದಿದ್ದ ಗೈಡ್ ನಕ್ಕ. ನಡುವಯಸ್ಸಿನವನು, ಮಾತು ಕಡಿಮೆ. "ಬೆಟ್ಟ ಅರೆದ ಹಿಟ್ಟು ಅಮ್ಮಾ. ಮಂಜಿನ ಅಡೀಲಿ ಕಲ್ಲು ಸಿಕ್ಕಿಕೊಂಡಿರುತ್ತೆ. ಅದು ಬಂಡೆ ಮೇಲೆ ಉಜ್ಜಿ ಉಜ್ಜಿ ಹಿಟ್ಟಾಗುತ್ತೆ."

ಸ್ಯಾಂಡ್ ಪೇಪರ್! ದಿನಾ ಕೈಯಲ್ಲಿ ಹಿಡಿಯುವ ವಸ್ತು, ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಈ ಬಂಡೆ. ಮಗುಚಿದ ದೋಣಿಯಂತಿದೆ. ಬೆರಳಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು ಬಂಡೆಯ ಮೇಲೆ ಬೋರಲು ಮಲಗಿಯೇಬಿಟ್ಟರು. ಎರಡೂ ಕೈಯಲ್ಲಿ ತಡವುತ್ತಾ ತಡವುತ್ತಾ... "ಇಲ್ಲಿ ಗೀರು. ಉದ್ದಕ್ಕೆ. ಎಲ್ಲಾ ಒಂದೇ ಕಡೆಗೆ. ಈ ಮಗ್ಗುಲು ನುಣ್ಣಗೆ, ಆ ಮಗ್ಗುಲು ಕಿತ್ತುಹೋಗಿದೆ. ಹಾಂ! ಒರಟು ಕಡೆಯಿಂದ ಬಂದು ಡಿಕ್ಕಿ ಹೊಡೆದಿದೆ, ನುಣುಪು ಕಡೆ ಇಳಿದಿದೆ. ಸರೀನಾ?"

"ಉಲ್ಟಾ ಅಮ್ಮಾ," ಅಂದ ಗೈಡ್.

"ಅದು ಹೇಗ್ರೀ?"

"ಹತ್ತೋವಾಗ ಉಜ್ಜಿ ನುಣ್ಣಗೆ ಮಾಡುತ್ತೆ. ಇಳಿಯೋವಾಗ ಬಂಡೆಗೆ ಅಂಟಿಕೊಂಡು ಚೂರು ಕಿತ್ತುಕೊಂಡು ಹೋಗುತ್ತೆ."

ಬೆರಳಮ್ಮ ಒಪ್ಪಲಿಲ್ಲ. ಜಗಳಕ್ಕೇ ಬಿದ್ದರು. ಮತ್ತೆ ತಡವಿದರು, ಈ ಸಲ ನುಣುಪಿನ ಕಡೆಯಿಂದ ಶುರು ಮಾಡಿ. ಏರಿ, ನೆತ್ತಿ ದಾಟಿ, ಮುರಿದ ಅಂಚಿನಲ್ಲಿ ಕೈ ಗಕ್ಕನೆ ನಿಂತಿತು.  ಆಮೇಲೆ ಎಂಥ ನಗು! ಇಷ್ಟು ವರ್ಷದಲ್ಲಿ ಆಕೆ ಹೀಗೆ ನಕ್ಕದ್ದು ಕೇಳಿಲ್ಲ. "ಹಿಮನದಿ ಹೋಯ್ತು ಕಣೇ! ನನ್ನ ಕೈ ಕೆಳಗಿಂದಾನೇ ಹೋಯ್ತು!"

ನನಗೆ ಕಣ್ಣು ತುಂಬಿ ಬಂತು. ಗೈಡ್ ಆಕಡೆ ತಿರುಗಿ ಮೂಗು ಒರೆಸಿಕೊಂಡ. ಚಳಿ ಅಂತ ಹೇಳಿದ. ಇರಬಹುದು.

ಅದೇ ದಿನ, ಲಾಡ್ಜ್

ಅಚ್ಚಿನ ಕಥೆ ಬರೆಯಲೇಬೇಕು.

ನೀಲಿ ಬಿಳಿ ಹಿಟ್ಟು ನಾದಿ ಗೀರುಗಳ ಮೇಲೆ ಒತ್ತಿದೆವು. ಕಾದೆವು. ಕಾದೇ ಕಾದೆವು. ಗಟ್ಟಿಯಾಗಲೊಲ್ಲದು! ಫೋನಿಗೆ ಸಿಗ್ನಲ್ ಇಲ್ಲ. ಮೋಡ ಬೇರೆ ಇಳಿಯುತ್ತಿದೆ. ಗೈಡ್ ಹೊರಡೋಣ ಹೊರಡೋಣ ಅನ್ನುತ್ತಿದ್ದಾನೆ.

"ನಿಮ್ಮೋರು ಇದನ್ನ ಎಲ್ಲಿ ಹಾಕ್ತಾರೆ?" ಅಂದರು ಬೆರಳಮ್ಮ.

"ಬಾಯಲ್ಲಿ."

"ಬಾಯಿ ಬೆಚ್ಚಗಿರುತ್ತೆ. ಈ ಬಂಡೆ ಹೆಣದ ಹಾಗಿದೆ. ಅದಕ್ಕೇ."

ಗೈಡನ ಫ್ಲಾಸ್ಕಿನಲ್ಲಿ ಚಹಾ ಇತ್ತು. ಕೇಳಿದ್ದಕ್ಕೆ ಮುಖ ಹುಳ್ಳಗೆ ಮಾಡಿದ, ಆದರೂ ಕೊಟ್ಟ. ಪ್ಲಾಸ್ಟಿಕ್ ಚೀಲಕ್ಕೆ ಬಿಸಿ ಚಹಾ ಸುರಿದು ಗಂಟು ಹಾಕಿ ಹಿಟ್ಟಿನ ಮೇಲಿಟ್ಟೆವು. ಅದರ ಮೇಲೆ ನನ್ನ ಶಾಲು, ಶಾಲಿನ ಮೇಲೆ ಬೆರಳಮ್ಮನೇ ಕೂತರು, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ. ಹನಿ ಶುರುವಾಯಿತು. ಮೂವರೂ ಒಂದು ಕೊಡೆಯ ಕೆಳಗೆ.

ಮೆಲ್ಲಗೆ ಅಂಚು ಬಿಡಿಸಿ ಎತ್ತಿದೆ. ಬಂತು! ಒಂದೊಂದು ಗೀರೂ, ಕೂದಲೆಳೆಯಷ್ಟು ಸಣ್ಣದೂ. ನನ್ನ ಉಳಿ ಸಾವಿರ ವರ್ಷ ಕೆತ್ತಿದರೂ ಇದು ಬರುತ್ತಿರಲಿಲ್ಲ.

ಇಳಿಯುವಾಗ ದಾರಿಪಕ್ಕದ ಒಂದು ಕಂಬ ತೋರಿಸಿ ಗೈಡ್ ಹೇಳಿದ: "ನಾನು ಕೆಲಸಕ್ಕೆ ಸೇರಿದಾಗ ಮಂಜು ಇಲ್ಲೀ ತನಕ ಇತ್ತು." ಹಿಂದಿರುಗಿ ನೋಡಿದೆ. ಮಂಜಿನ ಅಂಚು ಎಲ್ಲೋ ದೂರ, ಮೇಲೆ. ನಡುವೆ ಬರೀ ಕಲ್ಲುದಿಬ್ಬಗಳು, ಅದು ಹೊತ್ತು ತಂದು ಬಿಟ್ಟುಹೋದವು. ಬೆರಳಮ್ಮ ಕಂಬವನ್ನು ಬುಡದಿಂದ ತುದಿಯವರೆಗೆ ತಡವಿದರು. 

ಜೂನ್ 23

ಇವರಿಗೆ ಅಚ್ಚು ತೋರಿಸಿದೆ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೇ ಬೈಟ್ ಬಂದಿದೆ" ಅಂದರು, ಹಲ್ಲಿನ ಅಚ್ಚು ಸರಿಯಾಗಿ ಬಂದಾಗ ಅನ್ನುವ ಹಾಗೆ. ಇವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಚಹಾ ವಿಷಯ ಹೇಳಿದೆ. ಅರ್ಧ ತಾಸು ನಕ್ಕರು.

ಜುಲೈ 11

ಹಳೆಯದೆಲ್ಲ ಒಡೆದುಹಾಕಿದೆ. ಈಗ ಹಾಳೆಗಳಿಗೆ ಒಂದು ಕ್ರಮ ಇದೆ. ಮೊದಲು ನಿಜವಾದ ಬಂಡೆಯ ಅಚ್ಚು. ಆಮೇಲೆ ಬಂಡೆಯಿರುವ ಕಣಿವೆ. ಆಮೇಲೆ ಇಂಥವೇ ಪ್ರಪಂಚದ ತುಂಬ — ಫ್ಯೋರ್ಡ್, ಆಲ್ಪ್ಸಿನ ಚೂಪು ಶಿಖರ, ಇಡೀ ನಾಡನ್ನೇ ಕವುಚಿಕೊಂಡ ಗ್ರೀನ್‌ಲ್ಯಾಂಡ್. ಬೆರಳಮ್ಮ ದಿನಾ ಬೈಯುತ್ತಾರೆ, ದಿನಾ ತಿದ್ದುತ್ತೇನೆ. ಊಟ ತಿಂಡಿ ನೆನಪಿಲ್ಲ.

ಜುಲೈ 28

ಗೆದ್ದೆವು ಗೆದ್ದೆವು ಗೆದ್ದೆವು.

ಮಕ್ಕಳ ಮುಂದೆ ಹಾಳೆಗಿಂತ ಮೊದಲು ಟ್ರೇ ಇಟ್ಟೆ. ಹಸಿ ಜೇಡಿಮಣ್ಣು, ಅದರ ಮೇಲೆ, ತಳದಲ್ಲಿ ಜಲ್ಲಿ ಸೇರಿಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ. "ಒತ್ತಿ ಎಳೀರಿ." ಎಳೆದರು, ಕಿರುಚಿದರು, ಕೈ ಜುಮ್ಮೆಂದು ಬಾಯಲ್ಲಿಟ್ಟುಕೊಂಡರು. ಮಣ್ಣಿನಲ್ಲಿ ಗೀರು! ಆಮೇಲೆ ಬಂಡೆಯ ಹಾಳೆ ಕೊಟ್ಟೆ. ಎಲ್ಲರ ಬೆರಳೂ ಗೀರು ಹಿಡಿದು ಓಡಿದವು.

ಎರಡು ಜಡೆಯವಳು ಮೊದಲು ಬಾಯಿಬಿಟ್ಟಳು. "ಆಂಟೀ... ಇಲ್ಲಿ ಯಾರೋ ನಮಗಿಂತ ದೊಡ್ಡೋರು ಎಳೆದಿದಾರೆ."

ಸಂಪಾದಕರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ಆ ಮಕ್ಕಳ ನಡುವೆ ಕೂತು ಒಂದು ಹಾಳೆ ತೆಗೆದುಕೊಂಡರು. ಅದನ್ನು ಎಷ್ಟು ಹೊತ್ತು ಸವರಿದರೋ. ಕೊನೆಗೆ, "ಈ ಅಧ್ಯಾಯ ಮೊದಲಿಗೇ ಬರಲಿ" ಅಂದರು.

ಆದರೆ ಜಡೆಯವಳ ಪ್ರಶ್ನೆ ಮುಗಿದಿರಲಿಲ್ಲ. "ಅದು ಈಗ್ಲೂ ಎಳೀತಿದೆಯಾ? ನಿಜವಾದ್ದು?"

"ಎಳೀತಿದೆ."

"ಮತ್ತೆ ನಾವ್ಯಾಕೆ ಇಲ್ಲಿ ಪ್ಲಾಸ್ಟಿಕ್ ಮುಟ್ತಾ ಕೂತಿದೀವಿ?"

ನಾನು ಬೆರಳಮ್ಮನ ಕಡೆ ನೋಡಿದೆ. ಆಕೆ ಆಗಲೇ ಎದ್ದು ನಿಂತು ಕೋಲಿಗೆ ತಡಕಾಡುತ್ತಿದ್ದರು. "ಬೇಗ ಕರ್ಕೊಂಡು ಹೋಗ್ಬೇಕು ಸರ್. ಅದು ನಮಗೋಸ್ಕರ ಕಾಯ್ತಾ ಕೂರಲ್ಲ."

ಆಗಸ್ಟ್ 6

ಶಾಲೆಯವರು ಆಗದು ಅಂದರು. ಅಪಾಯವಂತೆ.

ಆಗಸ್ಟ್ 8

ಬೆರಳಮ್ಮ ಶಾಲೆಗೆ ಹೋಗಿ ಬಂದರು. ಏನು ಹೇಳಿದರೋ ಹೇಳುತ್ತಿಲ್ಲ. ಹೋದದ್ದು ಸಿಟ್ಟಿನಲ್ಲಿ, ಬಂದದ್ದು ಶಿಳ್ಳೆ ಹಾಕುತ್ತ.

ಆಗಸ್ಟ್ 20, ಬೆಳಿಗ್ಗೆ 11

ಬಂದೆವು! ಮಕ್ಕಳೆಲ್ಲ, ಇಬ್ಬರು ಟೀಚರು, ಸಂಪಾದಕರು, ರಜೆ ಹಾಕಿ ಬಂದ ಇವರು. ಗೈಡ್ ಸುರಕ್ಷಿತ ಜಾಗ ನೋಡಿ ಹಗ್ಗ ಕಟ್ಟಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಾನೆ. ಒಬ್ಬೊಬ್ಬರಾಗಿ ಮಂಜುಗೋಡೆಯ ಪಕ್ಕ ಹೋಗಿ ಅಂಗೈ ಇಟ್ಟು ಬರುತ್ತಿದ್ದಾರೆ. ಒಬ್ಬ "ಇದು ಬೆವರ್ತಿದೆ" ಅಂದ. ಇನ್ನೊಬ್ಬಳು ಕೆನ್ನೆ ಇಟ್ಟಳು. ಸಂಪಾದಕರು ಕಿರುಚಿ ಕೈ ಹಿಂದಕ್ಕೆ ಎಳೆದುಕೊಂಡರು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಾರೆ. ಇಷ್ಟು ಗಲಾಟೆ ಈ ಕಣಿವೆ ಕಂಡಿರಲಿಕ್ಕಿಲ್ಲ. ನಾನು ಕಲ್ಲಿನ ಮೇಲೆ ಕೂತು ಬೆರಳು ಮರಗಟ್ಟಿದರೂ ಬರೆಯುತ್ತಿದ್ದೇನೆ, ಒಂದೂ ಬಿಟ್ಟುಹೋಗಬಾರದು —

ಜಡೆಯವಳು "ಶ್!" ಅಂದಳು.

ಎಲ್ಲರೂ ಸುಮ್ಮನಾದರು. ಮಂಜಿನ ಒಳಗೆಲ್ಲೋ ಸದ್ದು. ಆಳದಲ್ಲಿ, ದೊಡ್ಡ ಬಾಗಿಲೊಂದು ನಿಧಾನಕ್ಕೆ ತೆರೆಯುವ ಹಾಗೆ. ನಿಂತಿತು. ಮತ್ತೆ ಬಂತು. ಜರುಗುತ್ತಿದೆ!  ಬೆರಳಮ್ಮ ನನ್ನ ಕಡೆ ಮುಖ ತಿರುಗಿಸಿ, "ಪೆನ್ನು ಸದ್ದು ಮಾಡ್ತಿದೆ ಕಣೇ, ನಿಲ್ಲಿಸು" ಅಂದರು. ಸರಿ, ನಿಲ್ಲಿಸ—