ಬಟ್ಟೆ ಸುತ್ತಿದ ಗಂಟೆ

ಪ್ರೀತಿಯ ತಮ್ಮ ಇದ್ವಾಲ್,

ನೀನಿರುವ ಕಡೆಗೆ ಅಂಚೆ ಹೋಗುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಜಪಾನಿನ ಈ ಬೆಟ್ಟದಲ್ಲಿ ಕರಡಿ ದೂರ ಸರಿಯಲೆಂದು ನಾವು ರೈತರೆಲ್ಲ ಸೊಂಟಕ್ಕೆ ಗಂಟೆ ಕಟ್ಟಿಕೊಳ್ಳುತ್ತೇವೆ. ಬಸ್ಸಿನಲ್ಲಿ ಮಾತ್ರ ಉಳಿದವರಿಗೆ ತೊಂದರೆಯಾಗದಿರಲೆಂದು ಅದರ ನಾಲಿಗೆಗೆ ಬಟ್ಟೆ ಸುತ್ತುವುದು ಮರ್ಯಾದೆ. ಇಂದು ಪೇಟೆಯಿಂದ ಬಂದು ಇಳಿದವನು ಅದನ್ನು ಬಿಚ್ಚಲು ಮರೆತೆ. ನಮ್ಮ ವಾದ್ಯತಂಡದ ಸ್ಪೀಕರುಗಳ ಮುಂದೆ ಗಿಟಾರ್ ಬಾರಿಸಿ ಕೆಟ್ಟ ಕಿವಿಗಳಲ್ಲವೇ, ಒಳಗೆ ಸದಾ ಕಿಣಿಕಿಣಿ. ಅದನ್ನೇ ಗಂಟೆಯ ಸದ್ದೆಂದು ನಂಬಿ ತೋಟಕ್ಕೆ ನಡೆದೆ.

ಪರ್ಸಿಮನ್ ಹಣ್ಣಿನ ಮರದಡಿ ಕರಡಿ ನಿಂತಿತ್ತು, ಉಸಿರಿನ ಹಬೆ ಕಾಣುವಷ್ಟು ಹತ್ತಿರ. ಕಾಲು ಕೀಳಲಾಗಲಿಲ್ಲ. ಕಾಪಾಡಿ ಎನ್ನಲು ಬಾಯಿ ತೆರೆದರೆ, ಬಂದದ್ದು ಪ್ರತಿ ಹಾಡಿಗೂ ಮುನ್ನ ಡ್ರಮ್ ಕಡ್ಡಿ ಬಡಿದು ನೀನು ಕೂಗುತ್ತಿದ್ದ ಎಣಿಕೆ: ಒಂದು, ಎರಡು, ಮೂರು, ನಾಲ್ಕು.

ಕರಡಿ ಪೊದೆಗೆ ನುಗ್ಗಿತು. ಪಕ್ಕದ ಗದ್ದೆಯ ತೊಕಿಯೆ-ಸಾನ್ ಓಡಿಬಂದು ಗಂಟೆ ನೋಡಿದರು.

"ಕರಡಿಗೂ ತೊಂದ್ರೆ ಆಗ್ಬಾರ್ದು ಅಂತ ಗಂಟೆ ಬಾಯಿ ಕಟ್ಟಿದ್ದೀಯೇನೋ, ಗಿಟಾರಜ್ಜ? ಅದೇನು ಹಾಗೆ ಕೂಗಿದ್ದು?"

"ಹಾಡು ಶುರು ಮಾಡೋಕೆ."

"ಮತ್ತೆ ಹಾಡಲೇ ಇಲ್ವಲ್ಲ."

ನಾನು ಬರೆಯುತ್ತಿರುವ ಆತ್ಮಕಥೆ ಕೂಡ ನಿನ್ನ ಕೊನೆಯ ಕಾರ್ಯಕ್ರಮದ ಹಿಂದಿನ ದಿನಕ್ಕೇ ನಿಂತಿದೆ. ತೊಕಿಯೆ-ಸಾನ್‌ಗೆ ಇದನ್ನು ಹೇಗೆ ಹೇಳಲಿ? ಕರಡಿ ಹೋದಮೇಲೂ ನಾನು ಅಲ್ಲೇ ನಿಂತಿದ್ದೆ, ನಾಲ್ಕೂ ಎಣಿಸಿ ಆಯಿತಲ್ಲ, ಇನ್ನು ನೀನು ಬಾರಿಸಲು ಶುರು ಮಾಡುತ್ತೀಯೆಂದು ಕಾಯುತ್ತ.

ನಿನ್ನ ಅಣ್ಣ,
ಎಮ್ರಿಸ್