ಹುಳುವಿನ ಮುಂದೆ ಆಡಬಾರದ ಮಾತು

ಅತ್ತೆಮ್ಮಾ,

ಅವತ್ತು ನೀವು ನನ್ನ ಬಾಯಿ ಮುಚ್ಚಿಸಿದ್ದು ನೆನಪಾಗುತ್ತಿದೆ. ನಡುಮನೆ ತುಂಬ ರೇಷ್ಮೆಹುಳುವಿನ ತಟ್ಟೆಗಳು, ಹುಳುಗಳೆಲ್ಲ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ತಿನ್ನುವುದಿಲ್ಲ, ಅಲುಗಾಡಿಸುವಂತೆಯೂ ಇಲ್ಲ. ನಾನು ಹಿತ್ತಲಿಂದ ಬಂದವಳೇ, "ಹಳ್ಳದಲ್ಲಿ ನೀರು ಏರ್ತಾ ಐತೆ" ಎಂದೆ. ನೀವು ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ಹುಳದ ಮುಂದೆ ಅಂಥ ಮಾತಾಡಬ್ಯಾಡ ಕಣವ್ವ, ಕೇಳುಸ್ಕೊಂಡ್ಬುಡ್ತವೆ" ಎಂದು ಪಿಸುಗುಟ್ಟಿದಿರಿ. ಕೇಳಿಸಿಕೊಂಡಿದ್ದರೆ ಅವೇನು ಗಂಟುಮೂಟೆ ಕಟ್ಟುತ್ತಿದ್ದವೇ, ಅತ್ತೆಮ್ಮಾ?

ಅದಕ್ಕೂ ಹಿಂದಿನ ವರ್ಷ, ತಟ್ಟೆ ಎತ್ತಿಡಲು ಒಂದು ಅಟ್ಟ ಕಟ್ಟಿಸೋಣ ಎಂದಾಗಲೂ ಹೀಗೇ. "ನಮ್ಮತ್ತೆ ಕಾಲ್ದಲ್ಲೂ ನೀರು ಎರಡ್ನೇ ಮೆಟ್ಲಿಗೇ ನಿಂತಿತ್ತು. ಈಗ ಅಟ್ಟ ಕಟ್ಟೋದು ಅಂದ್ರೆ ಹಳ್ಳಕ್ಕೆ ಎಲೆ ಹಾಕಿ ಊಟಕ್ಕೆ ಕರ್ದಂಗೆ" ಎಂದಿರಿ. ಮೈಯೆಲ್ಲ ಉರಿದುಹೋಯಿತು ನನಗೆ. ಚನ್ನಪಟ್ಟಣದ ಸುತ್ತ ಮನೆಮನೆಯಲ್ಲೂ ಹುಳು ಮೇಯಿಸುತ್ತಿದ್ದ ಕಾಲ. ಹಳ್ಳದ ದಂಡೆಯ ಎಲ್ಲ ಮನೆಯಲ್ಲೂ ಇದೇ ಮಾತು. ದಡ್ಡತನ ಅಂದುಕೊಂಡಿದ್ದೆ. ಅಲ್ಲ, ಭಯ. ಹೆಸರು ಹಿಡಿದರೆ ಎದುರಿಗೇ ಬಂದು ನಿಲ್ಲುತ್ತದೆ ಎನ್ನುವಷ್ಟು ಭಯ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದಿನಾ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಿರಲ್ಲ, ನನ್ನ ಹತ್ತಿರವಾದರೂ...

ನನ್ನ ಬಾಯಿ ಮುಚ್ಚಿಸಿದ ಅವತ್ತೇ ನೀರು ಹೊಸ್ತಿಲು ದಾಟಿದಾಗ ನಿಮ್ಮ ಮಗ ಕೆಳಗಿನ ತಟ್ಟೆಗೆ ಕೈ ಹಾಕಿದರು. "ಅಲುಗಾಡುಸ್ಬ್ಯಾಡ ಕಣ್ಲಾ, ಜ್ವರದಲ್ಲವೆ" ಎಂದು ನೀವು ಅಡ್ಡ ನಿಂತಿರಿ. ಕೊನೆಗೆ ತಟ್ಟೆಗಳು ತಾವೇ ಅಲುಗಾಡಿ ತೇಲಿದವು. ಆ ಬೆಳೆ ಪೂರ್ತಿ ಹೋಯಿತು. ಸಂಜೆ ಕೆಸರಿನಲ್ಲಿ ಕೂತು "ಎತ್ತಿದ್ರೆ..." ಎಂದಿರಿ. ಮುಂದಿನ ಬೆಳೆಗೆ ನೀವೇ ಇರಲಿಲ್ಲ. ಬೈಯಲೂ ಆಗದೆ, ಸಮಾಧಾನ ಹೇಳಲೂ ಆಗದೆ ಉಳಿದುಬಿಟ್ಟೆ ನಾನು.

ಆಮೇಲೆ ಅಟ್ಟ ಕಟ್ಟಿಸಿದೆ, ಕೇಳಿ. ನೀರಿನ ಸುದ್ದಿಯನ್ನೇ ಎತ್ತಲಿಲ್ಲ. ನಿಮ್ಮ ಮಗನಿಗೆ, "ಹುಳಕ್ಕೆ ನೆಲದ ಶೀತ ಆಗಾಕಿಲ್ಲ, ಒಸಿ ಎತ್ರ ಬೇಕು" ಎಂದೆ. ಅಷ್ಟೇ, ಬಡಗಿ ಬಂದ. ನಮ್ಮದನ್ನು ನೋಡಿ ಪಕ್ಕದ ಮನೆಯವರೂ ಕಟ್ಟಿಸಿದರು, ಶೀತಕ್ಕೆ ಎಂದೇ. ನೀರಿಗೆಂದು ಯಾರೂ ಒಂದು ಮೊಳೆ ಹೊಡೆಯಲಿಲ್ಲ. ಹುಳುವಿಗೆಂದರೆ ಬೀದಿಗೆ ಬೀದಿಯೇ ಎದ್ದಿತು.

ಈ ಮಳೆಗಾಲದಲ್ಲಿ ಹಳ್ಳ ಮತ್ತೆ ಮನೆಯೊಳಗೆ ಬಂತು. ಹುಳುಗಳು ಅಟ್ಟದ ಮೇಲೇ ಜ್ವರ ಬಿಟ್ಟೆದ್ದು ಸೊಪ್ಪಿಗೆ ತಲೆಯೆತ್ತಿದವು. ನಿಮ್ಮ ಮಗ ಸೊಂಟದ ನೀರಿನಲ್ಲಿ ನಡೆದು, ದಿಬ್ಬದ ತೋಟದಿಂದ ಸೊಪ್ಪಿನ ಮೂಟೆ ಹೊತ್ತು ತಂದರು. ತಟ್ಟೆಗೆ ಹಾಕಹೊರಟ ನನ್ನ ಕೈ ಹಿಡಿದು, "ತಡಿ, ಒದ್ದೆ ಸೊಪ್ಪು ಹಾಕುದ್ರೆ ಅವ್ವ ಬೈತಾಳೆ" ಎಂದರು. ಬೈತಾಳೆ ಅಂದರು, ಅತ್ತೆಮ್ಮಾ. ನಿಮ್ಮ ಹಳೇ ಸೀರೆ ಹರಿದು, ಇಬ್ಬರೂ ಕೂತು ಒಂದೊಂದೇ ಎಲೆ ಒರೆಸಿ ಹಾಕಿದೆವು.

ಎಲ್ಲವೂ ಗೂಡು ಕಟ್ಟಿದವು.