ಬೆಂಕಿ ಬಿದ್ದ ದೋಣಿಯ ಬಸ್ತ್ಯಾಂವ್

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೧೯ ನವೆಂಬರ್ ೧೯೯೮

ಪ್ರೀತಿಯ ಪಪ್ಪಾ,

ಮೊದಲು ಕೈ ಎತ್ತಿ ಆಶೀರ್ವಾದದ ಬೆಸಾಂವ್ ಕೊಡಿ, ಆಮೇಲೆ ಮುಂದೆ ಓದಿ. ಮೊಣಕಾಲು ನೋವು ಹೇಗಿದೆ? ಹೋದ ಸಲ ಕಳಿಸಿದ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಮಮ್ಮಿ ಅದನ್ನೂ ಬಂದ ನೆಂಟರಿಗೆ ಹಂಚಿದ್ದಾರೋ? ಇಲ್ಲಿ ಸೆಕೆ ಇಳಿದಿದೆ, ಬೆಳಿಗ್ಗೆ ಡ್ಯೂಟಿಗೆ ನಡೆದೇ ಹೋಗುತ್ತೇನೆ. ನನ್ನ ರೂಮಿನ ಆಚುಮ್ಮ ಮೀನಿನ ಸಾರಿಗೆ ಇನ್ನೂ ಮೆಂತೆ ಹಾಕುತ್ತಾಳೆ. ಅದೊಂದು ಬಿಟ್ಟರೆ ನನಗೆ ಯಾವ ತೊಂದರೆಯೂ ಇಲ್ಲ ಎಂದು ಬರೆಯಬೇಕೆಂದಿದ್ದೆ.

ಕಳೆದ ವಾರ ಫೋನು ಮಾಡಿ ಅಜ್ಜನ ಮಿಲಿಟರಿ ಡಿಸ್ಚಾರ್ಜ್ ಕಾಗದ ಕೇಳಿದೆನಲ್ಲ. ಯಾಕೆ ಎಂದಿರಿ, ಹೇಳಲಿಲ್ಲ. ಆದರೂ ತಮ್ಮ ಫಿಡೆಲಿಸ್‌ನನ್ನು ಕಿನ್ನಿಗೋಳಿಯ ಫೋನ್ ಬೂತಿಗೆ ಓಡಿಸಿ ಫ್ಯಾಕ್ಸ್ ಮಾಡಿಸಿದಿರಿ. ಈಗ ಹೇಳುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್ ಹಾರ್ಗ್ರೀವ್ ಎಂಬ ಇಂಗ್ಲಿಷ್ ಸರ್ಜನ್ ಇದ್ದಾರೆ. ನವೆಂಬರ್ ಹನ್ನೊಂದು ಅವರಿಗೆ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಅದಕ್ಕೆಂದು ಲಾಬಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ಹಳೇ ಯುದ್ಧಗಳಲ್ಲಿದ್ದ ಇಂಗ್ಲಿಷ್ ಸಿಪಾಯಿಗಳ, ಡಾಕ್ಟರುಗಳ ಸರ್ವಿಸ್ ರೆಕಾರ್ಡುಗಳನ್ನು ಜೋಡಿಸಿದ್ದರು. ನಡುವೆ ಅವರ ಅಜ್ಜನದೇ ಕಾರ್ಡು. ೧೯೧೬, ಇರಾಕಿನ ಅಮಾರಾ, ಟೈಗ್ರಿಸ್ ನದಿಯಲ್ಲಿ ಬೆಂಕಿ ಬಿದ್ದ ಆಸ್ಪತ್ರೆ ದೋಣಿಯಿಂದ ಕ್ಯಾಪ್ಟನ್ ಹಾರ್ಗ್ರೀವ್ ಹನ್ನೊಂದು ಗಾಯಾಳುಗಳನ್ನು ಹೊರತಂದರು, ಸ್ಟ್ರೆಚರ್ ಹೊರುವ ಒಬ್ಬ ನೇಟಿವ್ ಆಳು ಸಹಾಯ ಮಾಡಿದ. ಪಕ್ಕದಲ್ಲಿ ಮೆಡಲ್.

ಪಪ್ಪಾ, ನನ್ನ ಕೈಯಲ್ಲಿ ಇಂಜೆಕ್ಷನ್ ಟ್ರೇ ಇತ್ತು, ಅದನ್ನು ಅಲ್ಲೇ ನೆಲದ ಮೇಲೆ ಇಟ್ಟುಬಿಟ್ಟೆ. ಅಮಾರಾ ಎಂಬ ಹೆಸರನ್ನು ನಮ್ಮ ಮನೆ ಬಿಟ್ಟು ಬೇರೆಲ್ಲೂ ನಾನು ಕೇಳಿರಲಿಲ್ಲ. ಅಜ್ಜ ಸೇಂದಿ ಗಡಂಗಿನಲ್ಲಿ ಕೂತು ಆ ಕಥೆ ಶುರು ಮಾಡಿದರೆ ಸಾಕು, "ಬಸ್ತ್ಯಾಂವ್‌ನ ದೋಣಿಗೆ ಇವತ್ತು ಎಷ್ಟನೇ ಸಲ ಬೆಂಕಿ?" ಎಂದು ಎಲ್ಲರೂ ನಗುತ್ತಿದ್ದರು ಎಂದು ನೀವೇ ಹೇಳಿದ್ದೀರಿ. ಅಂಗೈಯ ಸುಟ್ಟ ಕಲೆ ತೋರಿಸಿದರೆ, ಸೇಂದಿ ಕುಡಿದು ಒಲೆಗೆ ಬಿದ್ದದ್ದು ಎಂದರಂತೆ.

ಡಾಕ್ಟರ್ ಹತ್ತಿರ ಹೋಗಿ ಆ ಆಳು ನನ್ನ ಅಜ್ಜ ಇರಬಹುದು ಎಂದೆ. ಅವರು ಸೌಮ್ಯವಾಗಿಯೇ, "ಸಿಸ್ಟರ್, ಅಂಥವರು ಸಾವಿರಾರು ಜನ ಇದ್ದರು" ಅಂದರು. "ಇದ್ದರು ಸರ್, ಅವರಲ್ಲಿ ಒಬ್ಬರಿಗೂ ಹೆಸರು ಇರಲಿಲ್ಲವೇ?" ಎಂದು ಕೇಳಿದೆ. ಅವರು ಲಿಫ್ಟಿನ ಕಡೆ ನಡೆದರು. ಮರುದಿನ ನಿಮ್ಮ ಫ್ಯಾಕ್ಸ್ ಬಂತು. ಊರಿನವರ ಬಸ್ತ್ಯಾಂವ್‌ಗೆ ಅದರಲ್ಲಿ ಪೂರ್ತಿ ಹೆಸರಿತ್ತು: ಸೆಬಾಸ್ಟಿಯನ್ ಡಿಸೋಜ, ಅಮಾರಾ, ಗುರುತು: ಎರಡೂ ಅಂಗೈಯಲ್ಲಿ ಸುಟ್ಟ ಕಲೆ. ಬಿಳಿ ಹಾಳೆಯಲ್ಲಿ ಅಜ್ಜನ ಹೆಸರು ದೊಡ್ಡದಾಗಿ ಬರೆದು, ಫ್ಯಾಕ್ಸಿನ ನಕಲಿನ ಜೊತೆ ಆ ಗಾಜಿನ ಮೇಲೆ ಅಂಟಿಸಿದೆ. ಆಡಳಿತದ ಮ್ಯಾನೇಜರ್ ಕಿತ್ತರು. ಮತ್ತೆ ಅಂಟಿಸಿದೆ. ಮತ್ತೆ ಕಿತ್ತರು. "ಖಲಾಸ್ ಮಾಡು ಗರ್ಟೀ, ಸತ್ತವರಿಗೆ ಇದೆಲ್ಲ ಗೊತ್ತಾಗುತ್ತದಾ?" ಎಂದಳು ಆಚುಮ್ಮ. ಸತ್ತವರಿಗೆ ಗೊತ್ತಾಗದಿದ್ದರೆ ಇವರು ಈ ಪೆಟ್ಟಿಗೆ ಇಟ್ಟದ್ದು ಯಾರಿಗೆ? ಮೂರನೇ ದಿನ ಗಮ್ ಹಾಕಿ ಅಂಟಿಸಿದೆ.

ಆ ದಿನ ಡಾಕ್ಟರ್ ಅದರ ಮುಂದೆ ತುಂಬ ಹೊತ್ತು ನಿಂತಿದ್ದರಂತೆ. ಮರುದಿನ ಮಧ್ಯಾಹ್ನ ವಾರ್ಡಿಗೆ ಬಂದು ತಮ್ಮ ಅಜ್ಜನ ಡೈರಿ ಬಿಚ್ಚಿ ನನ್ನ ಮುಂದಿಟ್ಟರು. ಬಣ್ಣ ಹೋದ ಶಾಯಿ, ಆದರೆ ಸ್ಪಷ್ಟ ಅಕ್ಷರ: "ಬಸ್ಟಿಯನ್ ನಾಲ್ಕು ಸಲ ಒಳಗೆ ಹೋದ. ನಾನು ಹೋಗೆಂದು ಹೇಳಿರಲಿಲ್ಲ. ಹನ್ನೊಂದು ಜನರಲ್ಲಿ ಎಂಟು ಜನರನ್ನು ತಂದವನು ಅವನು. ಕೊನೆಯ ಸಲ ಕಾದ ಕಂಬಿ ಹಿಡಿದು ಅವನ ಅಂಗೈ ಸುಲಿದುಹೋಯಿತು." ಓದಿ ಮುಗಿಸಿ ತಲೆ ಎತ್ತಿದೆ. ಡಾಕ್ಟರ ಮುಖ ಕೆಂಪಾಗಿತ್ತು. "ಇದನ್ನು ಹುಡುಗನಾಗಿದ್ದಾಗಿನಿಂದ ಓದಿದ್ದೇನೆ ಸಿಸ್ಟರ್. ಆ ಹೆಸರನ್ನು ದಾಟಿಕೊಂಡು ಓದಿದ್ದೇನೆ" ಎಂದರು. ಸಂಜೆಯೊಳಗೆ ಕಾರ್ಡು ಬದಲಾಯಿತು. ಈಗ ಅದರಲ್ಲಿ ಅಜ್ಜನ ಹೆಸರು, ಎಂಟು ಎಂಬ ಸಂಖ್ಯೆ, ಎರಡೂ ಇವೆ. ಪಾರ್ಕಿಂಗ್‌ನ ಅಲಿಯಬ್ಬನಿಂದ ಹಿಡಿದು ಎಲ್ಲರನ್ನೂ ಕರೆದು ತೋರಿಸಿದೆ.

ಪಪ್ಪಾ, ನಾನು ಗಲ್ಫಿಗೆ ಹೊರಟ ದಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಒಂದು ಮಾತು ಹೇಳಿದಿರಿ. ಹದಿನೈದು ವರ್ಷದವರಿದ್ದಾಗ ನೆಂಟರ ಎದುರಿಗೇ ಅಜ್ಜನಿಗೆ "ಸಾಕು ಮಾಡಿ ನಿಮ್ಮ ಸುಳ್ಳು" ಎಂದಿರಂತೆ; ಆಮೇಲೆ ಅವರು ಸಾಯುವ ತನಕ ದೋಣಿಯ ಸುದ್ದಿ ಎತ್ತಲಿಲ್ಲವಂತೆ. ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ಡೈರಿಯ ಆ ಪುಟದ ನಕಲು ಇದರ ಜೊತೆ ಇದೆ. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿ. ನಕ್ಕವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇರುತ್ತಾರೆ. ಆಮೇಲೆ ಸಮಾಧಿಯ ಹತ್ತಿರ ಹೋಗಿ ಇನ್ನೊಮ್ಮೆ ಓದಿ. ಅಲ್ಲಿ ಮೆಲ್ಲಗೆ ಓದಿದರೂ ಸಾಕು.

ಮಮ್ಮಿಗೆ ಮುತ್ತು. ಫಿಡೆಲಿಸ್‌ಗೆ ಬೈಕು ನಿಧಾನ ಓಡಿಸಲು ಹೇಳಿ.

ನಿಮ್ಮ ಮಗಳು, ಬಸ್ತ್ಯಾಂವ್‌ನ ಮೊಮ್ಮಗಳು,
ಗರ್ಟ್ರೂಡ್

ತಾ.ಕ.: ಕಾರ್ಡು ಬದಲಾದರೂ, ಅನುಮತಿ ಇಲ್ಲದೆ ಅಂಟಿಸಿದ್ದಕ್ಕೆ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕು ಎಂದು ಮ್ಯಾನೇಜರ್ ಹಠ ಹಿಡಿದರು. ಬರೀ ಒಂದು ಕಾಗದ ಸಿಸ್ಟರ್, ಹಾಕಿಬಿಡಿ ಎಂದರು ಡಾಕ್ಟರ್ ಕೂಡ. ಹಾಕಲಿಲ್ಲ. ವೀಸಾ ಕ್ಯಾನ್ಸಲ್ ಆಗುತ್ತಿದೆ, ಡಿಸೆಂಬರ್ ಮೂರಕ್ಕೆ ಬರುತ್ತೇನೆ. ಮಗಳು ಕೆಲಸ ಕಳಕೊಂಡು ಬಂದಳಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನಿ, ಯಾಕೆಂದೂ ಹೇಳಿ. ಸಹಿ ಹಾಕು ಎಂದು ನೀವು ಮಾತ್ರ ಫೋನು ಮಾಡಬೇಡಿ ಪಪ್ಪಾ. ನಿಮ್ಮ ದನಿ ಕೇಳಿದರೆ ಹಾಕಿಬಿಟ್ಟೇನು.